ಕಂಬಂ ಕಣಿವೆಯ ವಿಜ್ಞಾನ ಮೇಷ್ಟ್ರಿಗೆ ಜೊತೆ ಯಾರು?

ತಮಿಳುನಾಡಿನ ತೇನಿಯಿಂದ ಹೊರಟು ಚಿನ್ನಮನೂರು, ಉತ್ತಮಪಾಳ್ಯಂ ಹಾಯ್ದು ಕಂಬಂ ಮುಟ್ಟುವ ದಾರಿ ಸುಮಾರು 40 ಕಿಲೋಮೀಟರ್. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ, ಪಡುವಣಕ್ಕೆ ಹರಿದುಹೋಗುತ್ತಿದ್ದ ನೀರನ್ನು ಸುರಂಗದೊಳಗಿಂದ ಮೂಡಣಕ್ಕೆ ತಿರುಗಿಸಿದ ಮೇಲೆ ಈ ಕಣಿವೆ ಭತ್ತ, ಬಾಳೆ, ದ್ರಾಕ್ಷಿಯ ಸೀಮೆಯಾಯಿತು. ಕಾಲೇಜುಗಳು ಬಂದದ್ದು ಆಮೇಲೆ. ಉತ್ತಮಪಾಳ್ಯಂನ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು 1956ರದ್ದು. ಬೋಡಿನಾಯಕನೂರಿನಲ್ಲಿ ಏಲಕ್ಕಿ ಬೆಳೆಗಾರರ ಸಂಘದ ಹೆಸರಿನ ಕಾಲೇಜಿದೆ, ಪೆರಿಯಕುಳಂನಲ್ಲಿ ಜಯರಾಜ್ ಅಣ್ಣಪಾಕಿಯಂ ಮಹಿಳಾ ಕಾಲೇಜಿದೆ, ತೇನಿಯಲ್ಲಿ ನಾಡಾರ್ ಸರಸ್ವತಿ ಕಾಲೇಜಿದೆ. ಕಂಬಂನಲ್ಲಿ ಆದಿಚುಂಚನಗಿರಿಯ ಹೆಸರು ಹೊತ್ತ ಮಹಿಳಾ ಕಾಲೇಜೂ ಇದೆ. ಅದಕ್ಕೆ ಕಾರಣ ಸರಳ: ಕಪ್ಪಿಲಿಯರ್, ಒಕ್ಕಲಿಗ ಗೌಡರ್ ಎಂದು ಕರೆಸಿಕೊಳ್ಳುವ, ಎಷ್ಟೋ ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ, ಇವತ್ತಿಗೂ ಮನೆಯೊಳಗೆ ಕನ್ನಡ ಆಡುವ ಜನ ಈ ಕಣಿವೆಯಲ್ಲಿದ್ದಾರೆ.

ಇಂಥ ಊರಿನ ಹುಡುಗಿಯೊಬ್ಬಳು ಬಿ.ಎಸ್ಸಿ. ಭೌತವಿಜ್ಞಾನಕ್ಕೆ ಸೇರಿದಳು ಎಂದುಕೊಳ್ಳೋಣ. ಮನೆಯಲ್ಲಿ ಕನ್ನಡ, ಹನ್ನೆರಡನೆಯ ತರಗತಿಯವರೆಗೆ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕ. ಅವಳ ಮುಂದೆ ನಿಂತ ಮೇಷ್ಟ್ರು ಐವತ್ತು ನಿಮಿಷ ಬೋರ್ಡಿನ ಮೇಲೆ ಬರೆಯುತ್ತಾರೆ, ಅವಳು ಬರೆದುಕೊಳ್ಳುತ್ತಾಳೆ. ಮೇಷ್ಟ್ರು ಸೋಮಾರಿಯಲ್ಲ. ವಿಷಯ ಬಲ್ಲವರು, ಮಕ್ಕಳ ಮೇಲೆ ಅಕ್ಕರೆ ಇಟ್ಟವರು, ಸಿಲೆಬಸ್ ಮುಗಿಸಲೇಬೇಕೆಂಬ ಧಾವಂತದಲ್ಲಿರುವವರು. ಹಾಗಿದ್ದೂ ಆ ಐವತ್ತು ನಿಮಿಷದಲ್ಲಿ ಅವಳ ತಲೆಯೊಳಗೆ ನಡೆಯುವುದು ಬಹಳ ಕಡಿಮೆ. ನಾಲ್ಕು ದಶಕಗಳ ಸಂಶೋಧನೆ ಈ ಮಾತನ್ನು ಅಳೆದು ತೋರಿಸಿದೆ.

1985ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಹಲ್ಲೂನ್ ಮತ್ತು ಹೆಸ್ಟೆನೆಸ್ ಎಂಬ ಇಬ್ಬರು, ಕಾಲೇಜಿನ ಮೊದಲ ಭೌತವಿಜ್ಞಾನ ಕೋರ್ಸ್ ಮುಗಿಸಿದವರಿಗೂ ಬಲ, ಚಲನೆಗಳ ಬಗ್ಗೆ ಕೋರ್ಸಿಗೆ ಮುಂಚೆ ಇದ್ದ ತಪ್ಪು ಕಲ್ಪನೆಗಳೇ ಬಹುಮಟ್ಟಿಗೆ ಉಳಿದಿರುತ್ತವೆ ಎಂದು ತೋರಿಸಿದರು. ಅದರಿಂದ ಬೆಳೆದದ್ದು 1992ರ ಬಲ-ಪರಿಕಲ್ಪನೆಗಳ ಪ್ರಶ್ನೆಪತ್ರಿಕೆ. ಅದರಲ್ಲಿ ಲೆಕ್ಕ ಮಾಡಬೇಕಾದ್ದೇನೂ ಇಲ್ಲ, ಸುಮ್ಮನೆ ಯೋಚಿಸಿದರೆ ಸಾಕು. 1998ರಲ್ಲಿ ರಿಚರ್ಡ್ ಹೇಕ್ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳು ಕಲಿಯಲು ಬಾಕಿ ಇದ್ದದ್ದರಲ್ಲಿ ಕಾಲುಭಾಗದಷ್ಟನ್ನೂ ಗಳಿಸಿರಲಿಲ್ಲ. ವಿದ್ಯಾರ್ಥಿಗಳು ಪಾಠದ ನಡುವೆಯೇ ಯೋಚಿಸಿ, ಮಾತಾಡಿ, ಉತ್ತರ ಕಟ್ಟಿದ ತರಗತಿಗಳಲ್ಲಿ ಗಳಿಕೆ ಅದರ ಎರಡರಷ್ಟಿತ್ತು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದಾಗ ಫೇಲಾಗುವವರ ಪ್ರಮಾಣ ಉಪನ್ಯಾಸದ ತರಗತಿಗಳಲ್ಲಿ ಶೇ. 33.8, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ. 21.8 ಎಂದು ಕಂಡಿತು. ಆರು ವರ್ಷ ಬಿಟ್ಟು ಬಂದ ಮತ್ತೊಂದು ವಿಶ್ಲೇಷಣೆ, ಈ ಲಾಭ ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೇ ಹೆಚ್ಚು ಎಂದಿತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರೇ ತುಂಬಿರುವ ನಮ್ಮ ಬೆಂಚುಗಳಿಗೆ ಇದಕ್ಕಿಂತ ಮುಖ್ಯವಾದ ಸುದ್ದಿ ಯಾವುದಿದೆ?

ವಿಧಾನ ಎಂದಾಕ್ಷಣ ಯಂತ್ರ, ಸ್ಮಾರ್ಟ್ ಬೋರ್ಡು, ಆ್ಯಪ್ ನೆನಪಾಗುವುದು ಈಚಿನ ಚಾಳಿ. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ನಡೆಸಿಕೊಂಡು ಬಂದ ಸಹಪಾಠಿ ಬೋಧನೆಗೆ ನಾಲ್ಕು ಬಣ್ಣದ ಕಾಗದದ ತುಂಡು ಸಾಕು. ಕಣಿವೆಯ ತರಗತಿಯಲ್ಲಿ ಅದು ಹೀಗೆ ನಡೆದೀತು. ಮೇಷ್ಟ್ರು ಹತ್ತು ನಿಮಿಷ ನ್ಯೂಟನ್ನನ ಮೂರನೆಯ ನಿಯಮ ಹೇಳಿ ಒಂದು ಪ್ರಶ್ನೆ ಇಡುತ್ತಾರೆ: ಏಲಕ್ಕಿ ಮೂಟೆ ತುಂಬಿದ ಲಾರಿ ಬೋಡಿಮೆಟ್ಟು ಘಾಟಿ ಇಳಿಯುತ್ತಾ, ರಸ್ತೆಬದಿ ನಿಂತಿದ್ದ ಮೊಪೆಡ್‌ಗೆ ಗುದ್ದಿತು. ಲಾರಿ ಮೊಪೆಡ್ ಮೇಲೆ ಹಾಕಿದ ಬಲ ಹೆಚ್ಚೋ, ಮೊಪೆಡ್ ಲಾರಿಯ ಮೇಲೆ ಹಾಕಿದ್ದು ಹೆಚ್ಚೋ, ಎರಡೂ ಸಮವೋ, ಅಥವಾ ನಿಂತಿದ್ದ ಮೊಪೆಡ್ ಬಲವನ್ನೇ ಹಾಕಲಿಲ್ಲವೋ? ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ ಬಣ್ಣವನ್ನು ಎದೆಯ ಹತ್ತಿರ ಹಿಡಿಯಬೇಕು. ‘ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ’ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲವರಲ್ಲಿ ಹಲವರು ಲಾರಿಯ ಬಣ್ಣ ಎತ್ತುತ್ತಾರೆ. ಮೇಷ್ಟ್ರು ಸರಿ-ತಪ್ಪು ಹೇಳುವುದಿಲ್ಲ. ಬೇರೆ ಬಣ್ಣ ಹಿಡಿದ ಪಕ್ಕದವರನ್ನು ಒಪ್ಪಿಸಿ, ಮೂರು ನಿಮಿಷ ಕೊಟ್ಟಿದ್ದೇನೆ ಎನ್ನುತ್ತಾರೆ.

ಆ ಮೂರು ನಿಮಿಷದ ಗಲಾಟೆಯಲ್ಲಿಯೇ ಇಡೀ ವಿಷಯ ಇದೆ. ಮೊಪೆಡ್ ಅಪ್ಪಚ್ಚಿಯಾಯಿತು, ಲಾರಿಗೆ ಒಂದು ಗೀರೂ ಇಲ್ಲ, ಸಮ ಅಂತ ಹೇಗೆ ಹೇಳ್ತೀಯೆ ಎಂದು ಒಬ್ಬಳು ಕೇಳುತ್ತಾಳೆ. ಅಪ್ಪಚ್ಚಿಯಾದದ್ದು ಅದು ಹಗುರ, ಗಟ್ಟಿಯಿಲ್ಲ ಅಂತ. ಅದೇ ಬಲಕ್ಕೆ ಕಡಿಮೆ ತೂಕದ್ದರ ವೇಗ ಹೆಚ್ಚು ಬದಲಾಗುತ್ತೆ ಎಂದು ಇನ್ನೊಬ್ಬಳು ಎರಡನೆಯ ನಿಯಮವನ್ನು ತಾನಾಗಿಯೇ ಎಳೆದು ತರುತ್ತಾಳೆ. ಈ ವಾದ ನಡೆಯುವುದು ತಮಿಳಿನಲ್ಲಿ, ಅಕ್ಕಪಕ್ಕ ಕೂತವರು ಒಂದೇ ಬೀದಿಯವರಾದರೆ ಮನೆಯ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕೈಯೆತ್ತಿ ಕೇಳಲು ಅಂಜುವ ಹುಡುಗಿ ಇಲ್ಲಿ ಬಾಯಿ ಬಿಡುತ್ತಾಳೆ. ಮತ್ತೆ ಬಣ್ಣ ಎತ್ತಿಸಿದಾಗ ಸರಿಯುತ್ತರದ ಕಾರ್ಡುಗಳು ಹೆಚ್ಚಿರುತ್ತವೆ. ಇನ್ನೂ ತಪ್ಪಿದವರಿಗಾಗಿ ಮೇಷ್ಟ್ರು ವಿವರಿಸುತ್ತಾರೆ, ಮತ್ತು ಈ ಸಲ ಅವರ ವಿವರಣೆಗೆ ಕಿವಿಗಳು ಕಾದಿರುತ್ತವೆ. ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಬರೆಯುವ ಭಾಷೆಗಿಂತ ಮುಂಚಿನದು ಯೋಚಿಸುವ ಭಾಷೆ. ಅದಕ್ಕೆ ತರಗತಿಯೊಳಗೇ ಎಡೆ ಮಾಡಿಕೊಡುವ ಶಕ್ತಿ ಈ ವಿಧಾನಕ್ಕಿದೆ ಎಂಬುದು ನನ್ನ ದೃಷ್ಟಿಯಲ್ಲಿ, ಎರಡು-ಮೂರು ಭಾಷೆಗಳಲ್ಲಿ ಬದುಕುವ ಗಡಿನಾಡಿನ ಮಕ್ಕಳಿಗೆ ಇದರ ಅತಿ ದೊಡ್ಡ ಉಪಕಾರ. ಅಮೆರಿಕದ ಅಂಕಿಅಂಶಗಳಲ್ಲಿ ಈ ಸಂಗತಿ ಕಾಣುವುದಿಲ್ಲ.

ಹಾಗಾದರೆ ಯಾಕೆ ಹಬ್ಬಿಲ್ಲ? ಪ್ರಯತ್ನ ಸಾಲದೆಂದು ಹೇಳುವ ಹಾಗಿಲ್ಲ. 1963ರಿಂದಲೇ ಕಾಲೇಜು ಮತ್ತು ಶಾಲಾ ವಿಜ್ಞಾನ ಅಧ್ಯಾಪಕರಿಗೆ ಬೇಸಿಗೆ ಶಿಬಿರಗಳು ನಡೆದವು. 1970ರ ಹೊತ್ತಿಗೆ ಯುಜಿಸಿ ಕಾಲೇಜು ವಿಜ್ಞಾನ ಸುಧಾರಣೆಯ ಯೋಜನೆಯೊಂದನ್ನು ತಂದಿತು. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಮೈಸೂರು, ಮದುರೈ ಕಾಮರಾಜ್ ವಿಶ್ವವಿದ್ಯಾಲಯಗಳಲ್ಲಿ ಕೋರ್ಸು ಮಾಡಿ ಬಂದ ಹಿರಿಯ ಪ್ರಾಧ್ಯಾಪಕರು ಈಗಲೂ ಸಿಗುತ್ತಾರೆ. ಆ ಕೇಂದ್ರಗಳಿಗೆ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂಬ ಹೆಸರು ಬಂತು, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ ಎಂಬ ಇನ್ನೊಂದು ಹೆಸರು. ದಿಂಡಿಗಲ್ ಪಕ್ಕದ ಗಾಂಧಿಗ್ರಾಮ ಗ್ರಾಮೀಣ ವಿದ್ಯಾಸಂಸ್ಥೆಯಲ್ಲೂ ಇಂಥದ್ದೊಂದು ಕೇಂದ್ರವಿದೆ. ವರ್ಷಕ್ಕೆ 50 ಗಂಟೆಯಾದರೂ ವೃತ್ತಿ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಶಿಕ್ಷಕರಿಂದ ಬಯಸುತ್ತದೆ.

ಇಷ್ಟೆಲ್ಲದರ ನಡುವೆ ಒಂದು ಕೊಂಡಿ ತಪ್ಪಿಹೋಯಿತು. ರಿಫ್ರೆಶರ್ ಕೋರ್ಸು ಬಡ್ತಿಗೆ ಕಡ್ಡಾಯವಾಯಿತು. ಬಡ್ತಿಯ ಫೈಲಿಗೆ ಬೇಕಾದದ್ದು ಸರ್ಟಿಫಿಕೇಟು. ಆನ್‌ಲೈನ್ ಬಂದ ಮೇಲಂತೂ ಹಾಜರಿ ಹಾಕಿ, ಕೊನೆಯಲ್ಲಿ ಹತ್ತು ಪ್ರಶ್ನೆಗೆ ಗುರುತು ಹಾಕಿದರೆ ಕೆಲಸ ಮುಗಿಯಿತು. ಎಳೆಯ ಕಾಲದಲ್ಲಿ ತುಂಬು ಆಸೆಯಿಂದ ಹೋದವರೂ ಸೋಮವಾರ ತಮ್ಮ ತರಗತಿಗೆ ಮರಳಿದಾಗ ಒಂಟಿ. ಬಣ್ಣದ ಕಾರ್ಡು ಹಂಚಿದರೆ ಪಕ್ಕದ ಕೋಣೆಯಿಂದ ‘ಏನ್ ಸರ್, ಕ್ಲಾಸಲ್ಲಿ ಅಷ್ಟು ಗಲಾಟೆ?’ ಎಂಬ ಮಾತು ಬರುತ್ತದೆ.

ಈ ಒಂಟಿತನ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಕಾಗಿಲ್ಲ. ಡಯೇನ್ ಇಬರ್ಟ್-ಮೇ ತಂಡ 2011ರಲ್ಲಿ, ಹೊಸ ಬೋಧನೆಯ ಕಾರ್ಯಾಗಾರ ಮುಗಿಸಿದ ಅಮೆರಿಕದ ಜೀವವಿಜ್ಞಾನ ಅಧ್ಯಾಪಕರನ್ನು ಕೇಳಿತು. ಶೇ. 89ರಷ್ಟು ಮಂದಿ ತಮ್ಮ ಪಾಠ ಬದಲಿಸಿದ್ದೇವೆ ಎಂದರು. ಅವರವರ ತರಗತಿಯ ವಿಡಿಯೋ ನೋಡಿದರೆ ಶೇ. 75ರಷ್ಟು ಮಂದಿಯದು ಉಪನ್ಯಾಸವೇ. ಅವರು ಸುಳ್ಳು ಹೇಳಿದರೆಂದು ನಾನು ಎಣಿಸುವುದಿಲ್ಲ. ನಡುನಡುವೆ ನಾಲ್ಕು ಪ್ರಶ್ನೆ ಕೇಳಿದ್ದನ್ನೇ ಬದಲಾವಣೆ ಎಂದು ಮನಃಪೂರ್ವಕ ನಂಬಿದ್ದಿರಬೇಕು. ಮಾರನೆಯ ವರ್ಷ ಚಾರ್ಲ್ಸ್ ಹೆಂಡರ್ಸನ್ ಮತ್ತು ಜೊತೆಗಾರರು 722 ಭೌತವಿಜ್ಞಾನ ಅಧ್ಯಾಪಕರ ಸಮೀಕ್ಷೆ ಪ್ರಕಟಿಸಿದರು. ಹೊಸ ವಿಧಾನವನ್ನು ಒಮ್ಮೆ ಹಿಡಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೈಬಿಟ್ಟಿದ್ದರು. ಸುದ್ದಿ ಮುಟ್ಟಿಸುವುದು ಸುಲಭ, ಮೊದಲ ಬಾರಿ ಮಾಡಿಸುವುದೂ ಅಷ್ಟು ಕಷ್ಟವಲ್ಲ. ಮೊದಲ ಸೆಮಿಸ್ಟರಿನ ಎಡವಟ್ಟುಗಳನ್ನು ದಾಟಿಸಿ ಎರಡನೆಯದಕ್ಕೆ ಕರೆದೊಯ್ಯುವವರೇ ಇಲ್ಲ.

ಎಡವಟ್ಟುಗಳಲ್ಲಿ ಒಂದಂತೂ ಮೇಷ್ಟ್ರ ಎದೆಗೇ ತಾಕುವಂಥದು. 2019ರಲ್ಲಿ ಹಾರ್ವರ್ಡ್‌ನ ಲೂಯಿ ಡೆಲೊರಿಯೇ ತಂಡ ಒಂದೇ ಪಾಠವನ್ನು ಎರಡು ಬಗೆಯಲ್ಲಿ ಮಾಡಿ ನೋಡಿತು. ತಾವೇ ತಲೆ ಕೆರೆದುಕೊಂಡ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದೇ ಅವರಿಗೆ ಅನ್ನಿಸಿತ್ತು. ನೀರು ಹರಿದಂತೆ ಹರಿಯುವ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ನಮ್ಮ ಕಾಲೇಜುಗಳಲ್ಲಿ, ದರ್ಜೆ ಕೊಡುವ ನ್ಯಾಕ್‌ಗೋಸ್ಕರ ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ತುಂಬಿಸುವುದುಂಟು. ಅದರಲ್ಲಿ ‘ಸರ್ ಪಾಠಾನೇ ಮಾಡಲ್ಲ, ನಮ್ಮನ್ನೇ ಮಾಡಿ ಅಂತಾರೆ’ ಎಂಬ ಸಾಲು ಬಂದರೆ, ಕೆಲಸ ಕಾಯಂ ಆಗದ ಉಪನ್ಯಾಸಕ ಮತ್ತೆ ಆ ಗೋಜಿಗೆ ಹೋಗುತ್ತಾನೆಯೇ? ಪ್ರಿನ್ಸಿಪಾಲರು ಈ ಒಂದು ಅಧ್ಯಯನವನ್ನಾದರೂ ಓದಿಕೊಂಡಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇದಕ್ಕೂ ಗಟ್ಟಿಯಾದ ತಡೆ ಪ್ರಶ್ನೆಪತ್ರಿಕೆ. ಈ ಭಾಗದ ಪದವಿ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 75 ಅಂಕ, ಇಂಟರ್ನಲ್ಸ್‌ಗೆ 25. ಆ 75ರ ಪತ್ರಿಕೆ ವ್ಯಾಖ್ಯೆ ಬರೆಯಿರಿ, ಸೂತ್ರ ಸಾಧಿಸಿ, ಚಿತ್ರ ಬಿಡಿಸಿ ವಿವರಿಸಿ ಎಂದೇ ಕೇಳುತ್ತಿದ್ದರೆ ಲಾರಿ-ಮೊಪೆಡ್ ಚರ್ಚೆ ಮಾಡಿದ ಮೇಷ್ಟ್ರು ಮಕ್ಕಳಿಗೆ ಮೋಸ ಮಾಡಿದ ಹಾಗೆ ಕಾಣುತ್ತಾರೆ. ಕರ್ನಾಟಕದ ಉದಾಹರಣೆ ಬೇರೊಂದು ತೊಡಕನ್ನು ತೋರಿಸುತ್ತದೆ. ಅಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿಯ ಹೊಸ ಪಠ್ಯ ಬಂತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಪ್ರತಿ ಸಲವೂ ಅಧ್ಯಾಪಕರ ಶಕ್ತಿಯೆಲ್ಲ ಹೊಸ ಯೂನಿಟ್ಟುಗಳಿಗೆ ನೋಟ್ಸ್ ಮಾಡುವುದರಲ್ಲಿ ಮುಗಿಯಿತು. ಏನು ಕಲಿಸಬೇಕು ಎಂಬುದು ಇಷ್ಟು ಬೇಗ ಬದಲಾಗುತ್ತಿದ್ದರೆ ಹೇಗೆ ಕಲಿಸಬೇಕು ಎಂದು ಯೋಚಿಸಲು ಬಿಡುವೆಲ್ಲಿ? ತಮಿಳುನಾಡಿಗೆ ಪ್ರಶ್ನೆಪತ್ರಿಕೆಯ ವಿಷಯದಲ್ಲಿ ಒಂದು ಅನುಕೂಲವಿದೆ. ದೇಶದಲ್ಲಿ ಕಾಲೇಜುಗಳಿಗೆ ಸ್ವಾಯತ್ತತೆ ಕೊಟ್ಟು ನೋಡಿದ್ದು ಮೊದಲು ಅಲ್ಲಿಯೇ, 1978ರಲ್ಲಿ. ಮದುರೈಯ ಅಮೆರಿಕನ್ ಕಾಲೇಜು ಆ ಮೊದಲ ಸಾಲಿನಲ್ಲಿತ್ತು. ಸ್ವಾಯತ್ತ ಕಾಲೇಜು ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ಬರೆದುಕೊಳ್ಳಬಹುದು. 75ರಲ್ಲಿ 15 ಅಂಕವನ್ನು ಬಾಯಿಪಾಠಕ್ಕೆ ಬಗ್ಗದ, ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳಿಗೆ ಎತ್ತಿಟ್ಟರೂ ತರಗತಿ ತಾನಾಗಿಯೇ ಬದಲಾಗುತ್ತದೆ. ಹತ್ತು ಕಾರ್ಯಾಗಾರಕ್ಕಿಂತ ಇದು ಹೆಚ್ಚು ಕೆಲಸ ಮಾಡೀತು.

ಪ್ರಯೋಗಶಾಲೆಯ ಕಡೆ ನಮ್ಮವರೇ ಮಾಡಿ ತೋರಿಸಿದ್ದೊಂದಿದೆ. ಐಐಟಿ ಮದ್ರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದು ನಿವೃತ್ತಿಯ ನಂತರ ಮೈಸೂರಿನಲ್ಲಿ ನೆಲೆಸಿದ ಆರ್. ಶ್ರೀನಿವಾಸನ್, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಅದರ ಎರಡು ಸೋದರ ಅಕಾಡೆಮಿಗಳ ಆಶ್ರಯದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ರಿಫ್ರೆಶರ್ ಕೋರ್ಸುಗಳನ್ನು ಕಟ್ಟಿದರು. ಅಲ್ಲಿ ಅಧ್ಯಾಪಕರು ಕೇಳುಗರಾಗಿ ಕೂರುವುದಿಲ್ಲ. ಅಗ್ಗದ ಕಿಟ್ ಮುಂದಿಟ್ಟುಕೊಂಡು ತಾವೇ ತಂತಿ ಜೋಡಿಸಿ, ಅಳೆದು, ತಪ್ಪಿ, ದೋಷದ ಲೆಕ್ಕ ಹಾಕಿ, ವಾದ ಮಾಡುತ್ತಾರೆ. ಕೋರ್ಸು ಒಂದೇ ಊರಿಗೆ ಅಂಟಿಕೊಳ್ಳದೆ ಕಾಲೇಜಿಂದ ಕಾಲೇಜಿಗೆ ಹೋಯಿತು. ಕಿಟ್ ಕಾಲೇಜಿನಲ್ಲೇ ಉಳಿದರೆ ಮೇಷ್ಟ್ರು ಕಲಿತದ್ದು ಮಾರನೆಯ ವಾರವೇ ಬಿ.ಎಸ್ಸಿ. ಮಕ್ಕಳ ಕೈಗೆ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಶಿಕ್ಷಕ ತರಬೇತಿಯೂ ಇದೇ ಹಾದಿಯದು. ದೆಹಲಿಯ ಅಂತರ-ವಿಶ್ವವಿದ್ಯಾಲಯ ಕೇಂದ್ರದಲ್ಲಿ ಅಜಿತ್ ಕುಮಾರ್ ರೂಪಿಸಿದ ‘ಎಕ್ಸ್‌ಪೈಸ್’ ಎಂಬ ಅಂಗೈಯಗಲದ ಪೆಟ್ಟಿಗೆ ಕಂಪ್ಯೂಟರಿಗೆ ಜೋಡಿಸಿದರೆ ಆಸಿಲೋಸ್ಕೋಪಿನ ಕೆಲಸ ಮಾಡುತ್ತದೆ. ಸಲಕರಣೆ ಇಲ್ಲ ಎಂಬ ಮಾತು ಈಗ ಮೊದಲಿನಷ್ಟು ನಿಲ್ಲುವುದಿಲ್ಲ.

ಕಣಿವೆಯ ಸುತ್ತಮುತ್ತ ಇರುವುದನ್ನು ನೋಡಿದರೆ ಪ್ರಯೋಗಕ್ಕೆ ವಸ್ತು ಹುಡುಕಿ ಹೋಗಬೇಕಾಗಿಲ್ಲ. ದಿಂಡಿಗಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳ ಆಸುಪಾಸಿನಲ್ಲಿ ಬಾವಿ ನೀರು ಕೆಟ್ಟಿರುವುದು ದಶಕಗಳ ದೂರು. ಲ್ಯಾಬ್ ಅಟೆಂಡರ್ ಬೆರೆಸಿಟ್ಟ ಬಾಟಲಿಯ ದ್ರಾವಣಕ್ಕೆ ಬದಲು ತಮ್ಮೂರಿನ ಬಾವಿ ನೀರಿನ ಗಡಸುತನವನ್ನು ಟೈಟ್ರೇಷನ್ ಮಾಡಿದ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತಿರುವುದಿಲ್ಲ. ಹಿರಿಯರ ರೆಕಾರ್ಡ್ ಬುಕ್ಕಿನಿಂದ ನಕಲು ಮಾಡುವುದಕ್ಕೂ ಆಗುವುದಿಲ್ಲ. ಕೊಡೈಕೆನಾಲ್‌ನ ಸೌರ ವೀಕ್ಷಣಾಲಯ ಸ್ಥಾಪನೆಯಾದದ್ದು 1899ರಲ್ಲಿ. ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಷೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲಿಯೇ, ರೋಹಿತದ ಗೆರೆಗಳ ಸಣ್ಣ ಸರಿತದಿಂದ. ಅದೀಗ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕೈಯಲ್ಲಿದೆ. ಡಾಪ್ಲರ್ ಪರಿಣಾಮದ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಯಾವ ಪಠ್ಯಪುಸ್ತಕದಲ್ಲಿದೆ?

ಇದೇ ಜಿಲ್ಲೆಗೆ ಬರಬೇಕಿದ್ದ ನ್ಯೂಟ್ರಿನೋ ಶೋಧಕದ ವಿಷಯ ಇನ್ನೂ ಗಂಭೀರವಾದದ್ದು. ವಾತಾವರಣದ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಕಂಡ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಅದರ ಮುಂದುವರಿಕೆಯಾಗಿ ತೇನಿ ಜಿಲ್ಲೆಯ ಪೊಟ್ಟಿಪುರಂ ಬಳಿ, ಬೋಡಿಯ ಪಶ್ಚಿಮ ಬೆಟ್ಟದೊಳಗೆ, 50,000 ಟನ್ನಿನ ಕಬ್ಬಿಣದ ಶೋಧಕ ಕೂರಿಸುವ ಯೋಜನೆಗೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಾಡು, ನೀರು, ಅಣೆಕಟ್ಟಿನ ಭದ್ರತೆಯ ಆತಂಕದಿಂದ ಜನ ವಿರೋಧಿಸಿದರು, ವ್ಯಾಜ್ಯ ಹತ್ತಿತು, ರಾಜ್ಯ ಸರ್ಕಾರವೂ ಬೇಡವೆಂದಿತು, ಕೆಲಸ ನಿಂತಿತು. ಯಾರ ಪಕ್ಷ ಸರಿ ಎಂಬುದು ಈ ಲೇಖನದ ವಿಷಯವಲ್ಲ. ನ್ಯೂಟ್ರಿನೋದಿಂದ ವಿಕಿರಣ ಬರುತ್ತದೆಯೇ, ಬಂಡೆಯೊಳಗೆ ಸಿಡಿಮದ್ದು ಹಾರಿಸಿದರೆ ಕಂಪನ ಎಷ್ಟು ದೂರ ಹೋಗುತ್ತದೆ ಎಂಬಂಥ ಪ್ರಶ್ನೆಗಳನ್ನು ಹಳ್ಳಿಯವರು ಮೊದಲು ಕೇಳುವುದು ತಮ್ಮ ಮನೆಯ ಬಿ.ಎಸ್ಸಿ. ಓದುವ ಮಗುವನ್ನು. ಮೊದಲನೆಯದಕ್ಕೆ ಭೌತವಿಜ್ಞಾನ ಧೈರ್ಯವಾಗಿ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಅಳತೆ ಬೇಕು. ಈ ಎರಡು ಪ್ರಶ್ನೆಗಳ ವ್ಯತ್ಯಾಸ ಹೇಳಬಲ್ಲ ವಿದ್ಯಾರ್ಥಿ ಬರೀ ನೋಟ್ಸ್ ಬರೆದುಕೊಂಡು ತಯಾರಾಗುವುದಿಲ್ಲ.

ಮಾರ್ಗ ಯಾವುದೆಂದು ಹೆಂಡರ್ಸನ್ ಮತ್ತು ಸಂಗಡಿಗರು 2011ರಲ್ಲಿ 191 ಲೇಖನಗಳನ್ನು ಪರಿಶೀಲಿಸಿ ಹೇಳಿದ್ದು ನನಗೆ ಸರಿ ಕಾಣುತ್ತದೆ. ಬೇರೆಲ್ಲೋ ಮಾಡಿದ ಉತ್ತಮ ಪಾಠವನ್ನು ತಯಾರಿಸಿ ಹಂಚುವುದು, ಮೇಲಿನಿಂದ ಆಜ್ಞೆ ಹೊರಡಿಸುವುದು ಎರಡೂ ಕೆಲಸಕ್ಕೆ ಬಂದಿಲ್ಲ. ಅಧ್ಯಾಪಕರು ಈಗಾಗಲೇ ನಂಬಿರುವುದರಿಂದ ಶುರುಮಾಡಿ, ಕನಿಷ್ಠ ಒಂದು ಸೆಮಿಸ್ಟರ್ ಕಾಲ ಜೊತೆಗಿದ್ದು, ಕಾಲೇಜಿನ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ನಿಂತಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಕೊಲರಾಡೊದಲ್ಲಿ, ಆಮೇಲೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪಿಎಚ್.ಡಿ. ಮುಗಿಸಿದ ಯುವಕ-ಯುವತಿಯರಿಗೆ ಬೋಧನಾ ಸಂಶೋಧನೆ ಕಲಿಸಿ ಒಂದೊಂದು ವಿಭಾಗದೊಳಗೇ ಕೂರಿಸಿದರು. ಅವರು ಅಧ್ಯಾಪಕರ ಪಕ್ಕದಲ್ಲಿದ್ದು ಒಂದು ಕೋರ್ಸನ್ನು ತಿದ್ದಿ ಕಟ್ಟಿದರು. ಅನೇಕ ವಿಭಾಗಗಳಲ್ಲಿ ಬಹುಪಾಲು ಅಧ್ಯಾಪಕರು ಬದಲಾದರು. ಅಷ್ಟು ಹಣ ನಮ್ಮಲ್ಲಿಲ್ಲ. ಪಕ್ಕದಲ್ಲೊಬ್ಬರು ಇರಬೇಕೆಂಬ ತತ್ವಕ್ಕೆ ಅಷ್ಟು ಹಣ ಬೇಕಾಗಿಯೂ ಇಲ್ಲ.

ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಇಷ್ಟು ಕಾಲೇಜುಗಳಿರುವುದು ಈ ಕಣಿವೆಯ ಭಾಗ್ಯ. ಪ್ರತಿ ಕಾಲೇಜಿನಿಂದ ಇಬ್ಬರು ಭೌತವಿಜ್ಞಾನದವರು; ಒಬ್ಬರೇ ಬೇಡ, ಇಬ್ಬರು. ಎಲ್ಲರೂ ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ಒಂದನ್ನೇ ಹಿಡಿಯಲಿ. ಎರಡು ವರ್ಷ, ತಿಂಗಳಿಗೊಂದು ಶನಿವಾರ ಒಂದೊಂದು ಕಾಲೇಜಿನಲ್ಲಿ ಸೇರಿ, ಹೋದ ತಿಂಗಳು ಇಟ್ಟ ಪ್ರಶ್ನೆಗೆ ಎಷ್ಟು ಕೈ ಯಾವ ಬಣ್ಣ ಎತ್ತಿದವು ಎಂದು ಹೇಳಿಕೊಂಡು ಮುಂದಿನ ತಿಂಗಳ ಪ್ರಶ್ನೆ ಬರೆಯಲಿ. ಒಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬರು ಕೂತು ನೋಡಲಿ. ಸೆಮಿಸ್ಟರಿನ ಮೊದಲಲ್ಲೂ ಕೊನೆಯಲ್ಲೂ ತಮಿಳಿನಲ್ಲಿ ಅಚ್ಚುಮಾಡಿದ ಒಂದೇ ಪರಿಕಲ್ಪನಾ ಪರೀಕ್ಷೆ ಕೊಟ್ಟು ಅಳೆಯಲಿ, ಅಮೆರಿಕದ ಅಂಕಿಗಳನ್ನೇ ನೆಚ್ಚಿಕೊಂಡು ಕೂರದಿರಲಿ. ಗಾಂಧಿಗ್ರಾಮ ಇದನ್ನು ಕೈಗೆತ್ತಿಕೊಳ್ಳಲು ತಕ್ಕ ಜಾಗ. 1947ರಲ್ಲಿ ಟಿ.ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ಕಟ್ಟಿದ ಆ ನೆಲೆ ಕೈಕೆಲಸದ ಮೂಲಕ ಕಲಿಯುವ ನಯೀ ತಾಲೀಮಿನ ನಂಬಿಕೆಯಿಂದ ಬೆಳೆದದ್ದು. ಅಲ್ಲಿನ ತರಬೇತಿ ಕೇಂದ್ರ ಹದಿನೈದು ದಿನದ ಕೋರ್ಸಿಗೆ ಬದಲು ಈ ಎರಡು ವರ್ಷದ ಶನಿವಾರಗಳನ್ನೇ ಲೆಕ್ಕಕ್ಕೆ ಹಿಡಿದು ಬಡ್ತಿಗೆ ಒಪ್ಪುವ ಸರ್ಟಿಫಿಕೇಟ್ ಕೊಡುವಂತಾಗಬೇಕು. ಅದಕ್ಕೆ ಮೇಲಿನವರ ಒಂದು ಸುತ್ತೋಲೆ ಬೇಕು, ಹೊಸ ಕಟ್ಟಡ ಬೇಡ.

ಇನ್ನು ಅತಿಥಿ ಉಪನ್ಯಾಸಕರ ಮಾತು. ಪದವಿ ಕಾಲೇಜುಗಳಲ್ಲಿ ಮೊದಲ ವರ್ಷದ ಪಾಠ ಬಹಳ ಕಡೆ ಅವರ ಹೆಗಲ ಮೇಲೇ ಇದೆ. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ 2019ರಲ್ಲಿ ಗೊತ್ತುಮಾಡಿತು; ಕೈಗೆ ಬರುವುದು ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಮುಂದಿನ ಜೂನ್‌ನಲ್ಲಿ ಕೆಲಸ ಉಳಿಯುತ್ತದೆಯೋ ಇಲ್ಲವೋ ತಿಳಿಯದವರನ್ನು ಶನಿವಾರ ಬಿಟ್ಟಿ ದುಡಿಯಿರಿ ಎಂದು ಕರೆಯುವುದು ನ್ಯಾಯವಲ್ಲ. ಆ ಶನಿವಾರವನ್ನೂ ಪಾಠದ ದಿನವೆಂದೇ ಲೆಕ್ಕ ಹಾಕಿ, ಬಸ್ ಚಾರ್ಜು ಸೇರಿಸಿ, ಕಾಲೇಜು ಆಡಳಿತ ಅವರ ಬಿಲ್ಲಿಗೆ ಸಹಿ ಹಾಕಬೇಕು.